ಬ್ರೆಜೆಲ್‌ನಲ್ಲಿ ಹಂದಿಯ ಕೊಬ್ಬು: ಜರ್ಮನಿಗೆ ಬರುವವರು ದಯವಿಟ್ಟು ಓದಿ

ಹತ್ತು ತಿಂಗಳ ಕಾಲ ನನ್ನ ಮಗ ಹಂದಿಯ ಕೊಬ್ಬು ಬೆರೆಸಿದ, ಬ್ರೆಜೆಲ್ ಎಂಬ ಬ್ರೆಡ್ಡನ್ನು ತಿಂದಿದ್ದಾನೆ. ಅದನ್ನು ದಿನವೂ ಬೆಳಿಗ್ಗೆ ಡಬ್ಬಿಗೆ ಹಾಕಿ ಕೊಟ್ಟವಳು ನಾನೇ. ಇದನ್ನು ಬರೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಊರಿನಿಂದ ಓದಲು, ಕೆಲಸ ಮಾಡಲು ಇಲ್ಲಿಗೆ ಬರುವ ನಮ್ಮ ಮಕ್ಕಳಿಗೆ ಇದು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಾವು ಪುತ್ತೂರಿನ ಕಡೆಯ ಬ್ಯಾರಿ ಮುಸ್ಲಿಮರು. ಗಂಡನ ಕೆಲಸದ ಕಾರಣದಿಂದ ಸ್ಟುಟ್‌ಗಾರ್ಟಿಗೆ ಬಂದೆವು. ಮಾಂಸದ ವಿಷಯದಲ್ಲಿ ಮೊದಲ ದಿನದಿಂದಲೂ ಎಚ್ಚರವಾಗಿದ್ದೆವು. ಸೂಪರ್ ಮಾರ್ಕೆಟ್ಟಿನ ಮಾಂಸದ ಕಪಾಟಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಎರಡು ಟ್ರಾಮ್ ಬದಲಿಸಿ ಟರ್ಕಿಯವರ ಅಂಗಡಿಗೆ ಹೋಗಿ ಕೋಳಿ, ಕುರಿಮಾಂಸ ತರುತ್ತಿದ್ದೆವು. ಹೋಟೆಲಿನಲ್ಲಿ ಮೀನು, ತರಕಾರಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಇಷ್ಟಿದ್ದರೆ ಸಾಕು ಎಂದು ನಂಬಿದ್ದೆ. ಕಾಲು ಜಾರಿದ್ದು ಬ್ರೆಡ್ಡಿನಲ್ಲಿ.

ಈ ಊರಿನ ಸೀಮೆಯಲ್ಲಿ ಬ್ರೆಜೆಲ್ ಎಂದರೆ ನಮ್ಮ ಕರಾವಳಿಯ ಗೋಳಿಬಜೆ ಇದ್ದ ಹಾಗೆ, ಬೀದಿಗೊಂದು ಕಡೆ ಬಿಸಿಬಿಸಿ ಸಿಗುತ್ತದೆ. ಎರಡು ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡಂತೆ ಹೆಣೆದಿರುತ್ತಾರೆ. ಹೊರಗೆ ಕಂದು ಹೊಳಪು, ದಪ್ಪ ಹೊಟ್ಟೆಯ ಭಾಗದಲ್ಲಿ ಬಿರಿದ ಬಿಳಿ ಗೆರೆ, ಮೇಲೆ ಕಲ್ಲುಪ್ಪು. ಮಗನಿಗೆ ಬಹಳ ಇಷ್ಟವಾಯಿತು. ಮನೆಯ ತಿರುವಿನ ಬೇಕರಿಯಿಂದ ಬೆಳಿಗ್ಗೆ ಒಂದು ತಂದು, ಬಿಸಿಯಾಗಿರುವಾಗಲೇ ಡಬ್ಬಿಗೆ ಹಾಕಿ ಶಾಲೆಗೆ ಕಳುಹಿಸುತ್ತಿದ್ದೆ. ಹಿಟ್ಟು, ನೀರು, ಉಪ್ಪು, ಈಸ್ಟ್. ಇದರಲ್ಲಿ ಕೇಳುವುದಕ್ಕೆ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಶಾಲೆಯ ಬೇಸಿಗೆ ಹಬ್ಬದ ದಿನ ಮಗನ ಸಹಪಾಠಿಯೊಬ್ಬನ ತಾಯಿ, ಟರ್ಕಿ ಮೂಲದವರು, ಮನೆಯಲ್ಲೇ ಬೇಯಿಸಿದ ಬ್ರೆಜೆಲ್ ತಂದಿದ್ದರು. ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಇದರಲ್ಲಿ ಶ್ಮಾಲ್ಟ್ಸ್ ಇಲ್ಲ, ನಿಮ್ಮ ಮಗನೂ ತಿನ್ನಬಹುದು" ಎಂದರು. ಶ್ಮಾಲ್ಟ್ಸ್ ಎಂದರೇನು ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: ಕರಗಿಸಿದ ಪ್ರಾಣಿಕೊಬ್ಬು, ಬೇಕರಿಗಳಲ್ಲಿ ಸಾಮಾನ್ಯವಾಗಿ ಹಂದಿಯದು.

ಮರುದಿನ ಬೇಕರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಒಳ್ಳೆಯವರು, ಮಗನ ಹೆಸರು ಹಿಡಿದು ಮಾತನಾಡಿಸುವವರು. ಬ್ರೆಜೆಲ್‌ನಲ್ಲಿ ಏನೇನಿದೆ ಎಂದು ಕೇಳಿದಾಗ ಪ್ಲಾಸ್ಟಿಕ್ ಹಾಳೆಗಳ ದಪ್ಪ ಫೈಲೊಂದನ್ನು ತೆಗೆದು ಬೆರಳಿಟ್ಟು ತೋರಿಸಿದರು. ಗೋಧಿಯ ಗ್ಲುಟೆನ್ ಎದುರು ಗುರುತು ಇತ್ತು. ಹಾಲು, ಮೊಟ್ಟೆ, ಎಳ್ಳು, ಸೋಯಾ ಎಲ್ಲವೂ ಖಾಲಿ. ನನ್ನ ಎದೆಯ ಭಾರ ಅರೆಕ್ಷಣ ಇಳಿಯಿತು. ಆದರೂ ಬಿಡದೆ, ಹಂದಿಯ ಕೊಬ್ಬು ಇದೆಯೇ ಎಂದು ನೇರವಾಗಿ ಕೇಳಿದೆ. "ಇದೆಯಲ್ಲ, ನಮ್ಮದು ಹಳೆಯ ಪದ್ಧತಿಯ ಬ್ರೆಜೆಲ್. ಶ್ಮಾಲ್ಟ್ಸ್ ಹಾಕಿದರೇ ಒಳಗೆ ಮೆತ್ತಗೆ ಬರುವುದು" ಎಂದರು. ಅವರ ಮಾತಿನಲ್ಲಿ ಮುಚ್ಚಿಡುವ ಭಾವವೇನೂ ಇರಲಿಲ್ಲ. ಅಷ್ಟು ತಿಂಗಳಲ್ಲಿ ನಾನೇ ಕೇಳಿರಲಿಲ್ಲ.

ಆ ಫೈಲಿನಲ್ಲಿ ಅದು ಏಕೆ ಇರಲಿಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಯುರೋಪಿನ ಆಹಾರ ಮಾಹಿತಿ ನಿಯಮ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪೊಟ್ಟಣದಲ್ಲಿ ಬರುವ ತಿಂಡಿಗೆ ಪದಾರ್ಥಗಳ ಪಟ್ಟಿ ಕಡ್ಡಾಯ. ಬೇಕರಿಯಲ್ಲಿ ಬಿಡಿಯಾಗಿ ಮಾರುವ ತಿಂಡಿಗೆ ಇಲ್ಲಿ ಕಡ್ಡಾಯವಾಗಿ ತಿಳಿಸಬೇಕಾದದ್ದು 14 ಬಗೆಯ ಅಲರ್ಜಿಕಾರಕಗಳನ್ನು, ಕೆಲವು ಸೇರ್ಪಡೆ ಪದಾರ್ಥಗಳನ್ನು ಮಾತ್ರ. ಹಂದಿ ಅಲರ್ಜಿಯ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ಫೈಲು ಪೂರ್ತಿ ಸತ್ಯವನ್ನೇ ಹೇಳುತ್ತದೆ, ನಮಗೆ ಬೇಕಾದದ್ದನ್ನು ಮಾತ್ರ ಹೇಳುವುದಿಲ್ಲ. ಅಲರ್ಜಿಯ ಹಾಳೆ ನೋಡಿ ನಿಶ್ಚಿಂತರಾಗಬೇಡಿ. ಬಾಯಿ ಬಿಟ್ಟು ಕೇಳಿ.

ಆ ರಾತ್ರಿ ಊರಿನ ನಮ್ಮ ಉಸ್ತಾದರಿಗೆ ಫೋನ್ ಮಾಡಿದೆ. ಅಳುತ್ತಲೇ ಹೇಳಿದೆ. ಅವರು ಗದರಲಿಲ್ಲ. ಕುರ್‌ಆನಿನ ಸೂರಃ ಅಲ್ ಬಕರದ ಕೊನೆಯ ಆಯತ್ತನ್ನು ಓದಿದರು. ಮರೆತರೆ ಅಥವಾ ತಪ್ಪಿದರೆ ನಮ್ಮನ್ನು ಹಿಡಿಯಬೇಡ ಎಂಬ ಪ್ರಾರ್ಥನೆ ಅದರಲ್ಲಿದೆ. ತಿಳಿಯದೆ ತಿಂದದ್ದಕ್ಕೆ ಮಗುವಿನ ಮೇಲೂ ನಿನ್ನ ಮೇಲೂ ದೋಷವಿಲ್ಲ, ಇನ್ನು ಮುಂದೆ ವಿಚಾರಿಸಿಕೊಂಡು ತಿನ್ನಿ ಎಂದರು. ಡಬ್ಬಿಯ ಬಗ್ಗೆ ಕೇಳಿದೆ. ಬಿಸಿ ಬ್ರೆಜೆಲ್‌ನ ಹಬೆಗೆ ಮುಚ್ಚಳದ ಒಳಗೆ ನೀರು ಕಟ್ಟುತ್ತಿತ್ತು. ಒದ್ದೆಯಾಗಿ ತಾಗಿದ್ದರೆ ನಾವು ಅನುಸರಿಸುವ ಶಾಫಿಈ ಧರ್ಮಪದ್ಧತಿಯಂತೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ ಎಂದರು. ನಮ್ಮದು ಮೂರನೆಯ ಮಹಡಿಯ ಮನೆ. ಬಾಲ್ಕನಿಯ ಕೊತ್ತಂಬರಿ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದೆ. ಆ ನೀಲಿ ಡಬ್ಬಿ, ಅದರ ಮುಚ್ಚಳ, ಮುಚ್ಚಳದ ರಬ್ಬರ್ ಉಂಗುರ ಎಲ್ಲವನ್ನೂ ಮಣ್ಣುನೀರಿನಲ್ಲಿ ಉಜ್ಜಿದೆ, ಆಮೇಲೆ ಎಣಿಸಿ ಆರು ಸಲ ತೊಳೆದೆ. ಮಗ ಪಕ್ಕದಲ್ಲಿ ನಿಂತು ನನ್ನ ಜೊತೆಗೆ ಎಣಿಸುತ್ತಿದ್ದ. ಏಕೆ ಎಂದು ಕೇಳಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಆಮೇಲೆ ಅಡುಗೆಮನೆಯ ಒಂದೊಂದೇ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಅನುವಾದ ಮಾಡಿ ಓದಿದೆವು. ಒಂದು ಹಣ್ಣಿನ ಮೊಸರಿನಲ್ಲಿ ಜೆಲಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆಯುವ ಅಂಟು. ಅಂಟಂಟು ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್. ಯಾವ ಪ್ರಾಣಿಯದು ಎಂದು ಬರೆಯುವ ಕಟ್ಟುಪಾಡು ಇಲ್ಲ. ಯುರೋಪಿನ ಜೆಲಟಿನ್‌ನಲ್ಲಿ ಹಂದಿಯ ಚರ್ಮದಿಂದ ತೆಗೆದದ್ದೇ ಬಹಳ. ಬರೀ ಜೆಲಟಿನ್ ಎಂದಿದ್ದರೆ ಕೆಳಗಿಡಿ. ಗಿಣ್ಣಿನ ಪೊಟ್ಟಣದಲ್ಲಿ "ಲಾಬ್" ಎಂದಿದ್ದರೆ ಅದು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. "ಮಿಕ್ರೋಬಿಯೆಲೆಸ್ ಲಾಬ್" ಎಂದಿದ್ದರೆ ಸೂಕ್ಷ್ಮಜೀವಿಗಳಿಂದ ಮಾಡಿದ್ದು, ಆತಂಕವಿಲ್ಲ. ಕೋಳಿಯ ಚಿತ್ರವಿರುವ ಸಾಸೇಜುಗಳಲ್ಲಿಯೂ ಹಂದಿಯ ಕೊಬ್ಬು, "ಶ್ಪೆಕ್" ಎಂಬ ಹೆಸರಿನಲ್ಲಿ, ಸೇರಿರುವುದುಂಟು. ಚಿತ್ರ ನಂಬಿ ಕೊಳ್ಳುವವರು ಇದನ್ನು ಮರೆಯಬಾರದು.

ಪಟ್ಟಿ ಓದಿದರೂ ಸಿಗದ ಸಂಗತಿಯೊಂದಿದೆ. ತಿಳಿಯಾದ ಹಣ್ಣಿನ ರಸವನ್ನು ಸೋಸಲು ಜೆಲಟಿನ್ ಬಳಸುವುದುಂಟು. ಕೊನೆಯ ಪದಾರ್ಥದಲ್ಲಿ ಉಳಿಯುವುದಿಲ್ಲ ಎಂಬ ಲೆಕ್ಕದಲ್ಲಿ ಅದನ್ನು ಪಟ್ಟಿಯಲ್ಲಿ ಬರೆಯಬೇಕಾಗಿಲ್ಲ. ನಾವು ಈಗ ಗಸಿ ಇರುವ, ಮಬ್ಬಾದ ಸೇಬಿನ ರಸವನ್ನೇ ತರುತ್ತೇವೆ.

ಊರಿನಲ್ಲಿ ನಮ್ಮ ಕಣ್ಣು ಹಸಿರು ಚುಕ್ಕೆಗೆ, ಕಂದು ತ್ರಿಕೋನಕ್ಕೆ ಒಗ್ಗಿಹೋಗಿದೆ. ಇಲ್ಲಿ ಅಂಥ ಕಡ್ಡಾಯದ ಗುರುತು ಇಲ್ಲ. ಕೆಲವು ಕಂಪನಿಗಳು ತಾವಾಗಿ ಹಳದಿ ಬಣ್ಣದ ವೀ ಗುರುತು ಹಾಕಿಸಿಕೊಳ್ಳುತ್ತವೆ. ಅದಿದ್ದರೆ ಮಾಂಸ, ಜೆಲಟಿನ್ ಇಲ್ಲವೆಂದು ತಿಳಿಯಬಹುದು. ಆದರೆ ಮದ್ಯಸಾರ ಇಲ್ಲವೆಂದು ಅದು ಹೇಳುವುದಿಲ್ಲ. ಹಸಿರು ಚುಕ್ಕೆಯೂ ಅಷ್ಟೇ.

ಬೀದಿಯ ಆಚೆ ತುದಿಯಲ್ಲಿ ದಾವಣಗೆರೆಯ ಲಿಂಗಾಯತ ಮನೆತನದ ಅಕ್ಕ ಒಬ್ಬರಿದ್ದಾರೆ. ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟದವರು. ಅವರಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಅವರೂ ಅದೇ ಬೇಕರಿಗೆ ಹೋಗುತ್ತಿದ್ದರು. ಹೇಳಿದಾಗ ಕುರ್ಚಿಯಲ್ಲಿ ಕುಸಿದು ಕುಳಿತು ತುಂಬ ಹೊತ್ತು ಮಾತನಾಡಲಿಲ್ಲ. ಮುಂದಿನ ಶನಿವಾರ ನಾವಿಬ್ಬರೂ ಸೇರಿ ಸುತ್ತಲಿನ ಐದು ಬೇಕರಿಗಳಿಗೆ ಹೋಗಿ ಕೇಳಿದೆವು. ಎರಡು ಕಡೆ ಸಸ್ಯದ ಎಣ್ಣೆ, ಒಂದು ಕಡೆ ಬೆಣ್ಣೆ, ಎರಡು ಕಡೆ ಶ್ಮಾಲ್ಟ್ಸ್. ಇನ್ನೊಂದು ಮಾತು: "ಬೆಣ್ಣೆ ಬ್ರೆಜೆಲ್" ಎಂದು ಮಾರುವುದು ಸೀಳಿ ಬೆಣ್ಣೆ ಸವರಿದ್ದು. ಹಿಟ್ಟಿಗೆ ಏನು ಹಾಕಿದ್ದಾರೆ ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ.

ಇಷ್ಟು ಓದಿ ಗಾಬರಿಯಾಗಿ ವಾಟ್ಸಾಪಿನಲ್ಲಿ ಸುತ್ತುವ ಇ-ಸಂಖ್ಯೆಗಳ (ತಿಂಡಿಗೆ ಸೇರಿಸುವ ಪದಾರ್ಥಗಳ ಸಂಕೇತಗಳ) ಪಟ್ಟಿಗಳನ್ನು ನಂಬಬೇಡಿ. ಇ 471 ಎಂದರೆ ಹಂದಿ ಎಂದು ಬರೆದಿರುತ್ತಾರೆ. ಅದು ಸಸ್ಯದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಕೊಬ್ಬಿನಿಂದಲೂ ಆಗುತ್ತದೆ. ಕಂಪನಿಗೆ ಒಂದು ಮಿಂಚಂಚೆ ಬರೆದು ಕೇಳಿ, ನಾನು ಬರೆದವರಲ್ಲಿ ಹೆಚ್ಚಿನವರು ಉತ್ತರ ಕೊಟ್ಟಿದ್ದಾರೆ. ಇ 120 ಮಾತ್ರ ಖಚಿತವಾಗಿ ಕೀಟದಿಂದ ತೆಗೆದ ಕೆಂಪು ಬಣ್ಣ. ರೂಪ ಪೂರ್ತಿ ಬದಲಾದರೆ ಜೆಲಟಿನ್ ಶುದ್ಧವಾಗುತ್ತದೆ ಎನ್ನುವ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಮ್ಮ ಉಸ್ತಾದರು ಒಪ್ಪುವುದಿಲ್ಲ, ನಾವು ಅವರ ಮಾತಿನಂತೆ ನಡೆಯುತ್ತೇವೆ. ನಿಮ್ಮ ಉಸ್ತಾದರನ್ನು ನೀವು ಕೇಳಿಕೊಳ್ಳಿ. ಔಷಧದ ವಿಷಯ ಬೇರೆ. ಕ್ಯಾಪ್ಸೂಲಿನ ಚಿಪ್ಪಿನಲ್ಲಿ ಜೆಲಟಿನ್ ಇದೆ ಎಂದು ನಡುವೆ ನಿಲ್ಲಿಸಬೇಡಿ. ಬದಲಿ ಇದೆಯೇ ಎಂದು ವೈದ್ಯರಲ್ಲಿ ಕೇಳಿ. ಬೇರೆ ದಾರಿಯೇ ಇಲ್ಲದವರಿಗೆ ಧರ್ಮದಲ್ಲಿ ವಿನಾಯಿತಿ ಇದೆ.

ಊರಿನಲ್ಲಿರುವವರೂ ಇದು ನಮಗಲ್ಲ ಎಂದುಕೊಳ್ಳಬೇಡಿ. ಕಳೆದ ರಜೆಯಲ್ಲಿ ಪುತ್ತೂರಿಗೆ ಬಂದಾಗ ನಾನು ಎರಡು ಕಿಲೋ ಕರಡಿಯಾಕಾರದ ಜೆಲ್ಲಿ ಮಿಠಾಯಿ ತಂದಿದ್ದೆ. ಪೆರ್ನಾಲಿನ (ಈದ್ ಹಬ್ಬದ) ದಿನ ಮನೆಯ ಜಗಲಿಯಲ್ಲಿ ಕುಳಿತು ಅಕ್ಕನ ಮಕ್ಕಳಿಗೆ, ನೆರೆಮನೆಯ ಮಕ್ಕಳಿಗೆ ಮುಷ್ಟಿ ಮುಷ್ಟಿಯಾಗಿ ಹಂಚಿದ್ದೆ. ಪೊಟ್ಟಣದ ಹಿಂದೆ ಜೆಲಟಿನ್ ಎಂದು ಸ್ಪಷ್ಟವಾಗಿಯೇ ಇತ್ತು. ಜರ್ಮನ್ ಭಾಷೆಯಲ್ಲಿದ್ದ ಕಾರಣ ನಾನೂ ಓದಲಿಲ್ಲ, ಮನೆಯವರೂ ಓದಲಿಲ್ಲ. ಪರವೂರಿನಿಂದ ಬಂದ ಮಿಠಾಯಿ ಎಂದರೆ ನಮ್ಮಲ್ಲಿ ಯಾರೂ ಪೊಟ್ಟಣ ತಿರುಗಿಸಿ ನೋಡುವುದಿಲ್ಲ. ದಯವಿಟ್ಟು ನೋಡಿ. ಟರ್ಕಿಯಲ್ಲಿ ತಯಾರಾದ, ದನದ ಜೆಲಟಿನ್‌ನ ಹಲಾಲ್ ಗುರುತಿನ ಜೆಲ್ಲಿಗಳು ಇಲ್ಲಿನ ಟರ್ಕಿ ಅಂಗಡಿಗಳಲ್ಲಿಯೇ ಸಿಗುತ್ತವೆ. ತರುವವರು ಅವನ್ನು ತರಲಿ.

ವಿಷಯ ತಿಳಿದ ಮರುದಿನವೇ ಅಕ್ಕನಿಗೆ ಫೋನ್ ಮಾಡಿದೆ. ಫ್ರಿಜ್ಜಿನಲ್ಲಿ ಅರ್ಧ ಪೊಟ್ಟಣ ಇನ್ನೂ ಉಳಿದಿತ್ತು, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಕೊಡೋಣವೆಂದು ಎತ್ತಿಟ್ಟಿದ್ದಳಂತೆ. ನೆರೆಮನೆಗಳಿಗೆ ಹೋಗಿ ಹೇಳುವ ಕೆಲಸವನ್ನು ಉಮ್ಮ ತಾನೇ ವಹಿಸಿಕೊಂಡಳು.

ಇಲ್ಲಿಗೆ ಬರುವವರು ಈ ಒಂದು ಜರ್ಮನ್ ಪ್ರಶ್ನೆಯನ್ನು ಕನ್ನಡ ಅಕ್ಷರಗಳಲ್ಲಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ರೆಡ್ಡಿನ ಅಂಗಡಿಯಲ್ಲಿ, ಸೂಪ್ ಕೊಳ್ಳುವಾಗ, ಮಕ್ಕಳ ಶಾಲೆಯ ಅಡುಗೆಮನೆಯಲ್ಲಿ ನಾಚದೆ ಕೇಳಿ: "ಇಸ್ಟ್ ದಾ ಶ್ವೈನಶ್ಮಾಲ್ಟ್ಸ್ ದ್ರಿನ್?" ಇದರಲ್ಲಿ ಹಂದಿಯ ಕೊಬ್ಬು ಇದೆಯೇ ಎಂದು ಅರ್ಥ. ಈಗ ನನ್ನ ಮಗನೇ ಇದನ್ನು ನನಗಿಂತ ಚೆನ್ನಾಗಿ ಉಚ್ಚರಿಸುತ್ತಾನೆ.