ನಿಕಾನ್ ಎಫ್4: ಹಳೆ ಲೆನ್ಸ್‌ಗಳ ಕೈಬಿಡದ ಆಟೋಫೋಕಸ್ ಕ್ಯಾಮೆರಾ

1988ರಲ್ಲಿ ಬಂದ ಈ ಫಿಲ್ಮ್ ಕ್ಯಾಮೆರಾ ಕೈಗೆತ್ತಿಕೊಂಡರೆ ಮೊದಲು ಗೊತ್ತಾಗುವುದು ತೂಕ. ಆರು ಎಎ ಸೆಲ್ ಹಾಕುವ ಎಫ್4ಎಸ್ ಮಾದರಿ ಅಂತೂ ಲೆನ್ಸ್ ಇಲ್ಲದೆಯೇ ಒಂದು ಕಿಲೋ ದಾಟುತ್ತದೆ. ಆದರೆ ಹಿಡಿತ ಬಹಳ ಚೆನ್ನಾಗಿದೆ, ಇಟಲಿಯ ಹೆಸರಾಂತ ಕಾರು ವಿನ್ಯಾಸಕಾರ ಜುಜಾರೊ ಅವರ ವಿನ್ಯಾಸ ಅಲ್ವಾ!

ಆಟೋಫೋಕಸ್ ಇವತ್ತಿನ ಲೆಕ್ಕದಲ್ಲಿ ನಿಧಾನ. ಫೋಕಸ್ ಪಾಯಿಂಟ್ ನಡುವೆ ಒಂದೇ, ಮಂದ ಬೆಳಕಲ್ಲಿ ತಡಕಾಡುತ್ತದೆ.

ಆದರೂ ನನಗೆ ಇದು ತುಂಬಾ ಇಷ್ಟ, ಕಾರಣ ಮೌಂಟ್, ಅಂದರೆ ಕ್ಯಾಮೆರಾಗೆ ಲೆನ್ಸ್ ಕೂರಿಸುವ ಜಾಗ. ಆಟೋಫೋಕಸ್‌ಗಾಗಿ ಕ್ಯಾನನ್ 1987ರಲ್ಲಿ ಹಳೆ ಮೌಂಟನ್ನೇ ಬಿಟ್ಟಿತು, ನಿಕಾನ್ ಮಾತ್ರ 1959ರ ಎಫ್ ಮೌಂಟ್ ಉಳಿಸಿಕೊಂಡು ಕ್ಯಾಮೆರಾದೊಳಗೇ ಮೋಟಾರು ಇಟ್ಟು ಅದರಿಂದ ಲೆನ್ಸಿನ ಫೋಕಸ್ ತಿರುಗಿಸಿತು. ಹಾಗಾಗಿ ವರ್ಷಗಟ್ಟಲೆ ದುಡಿದು ಲೆನ್ಸ್ ಕೂಡಿಸಿಟ್ಟಿದ್ದ ಫೋಟೋಗ್ರಾಫರ್‌ಗಳು ಅವನ್ನು ಸುಮ್ನೆ ಮೂಲೆಗೆ ಹಾಕಬೇಕಾಗಲಿಲ್ಲ. ‘ಎಐ’ ಎಂಬ ಹಳೆ ಮಾದರಿಯ, ಕೈಯಲ್ಲೇ ಫೋಕಸ್ ಮಾಡುವ ಲೆನ್ಸ್ ಹಾಕಿದರೂ ಮ್ಯಾಟ್ರಿಕ್ಸ್ ಮೀಟರಿಂಗ್ (ದೃಶ್ಯವನ್ನು ಭಾಗ ಮಾಡಿ ಬೆಳಕು ಅಳೆಯುವ ವಿಧಾನ) ಕೆಲಸ ಮಾಡುತ್ತದೆ! ಈಗಿನ ಎಷ್ಟೋ ಕ್ಯಾಮೆರಾಗಳಲ್ಲೂ ಈ ಸೌಲಭ್ಯ ಇಲ್ಲ.

ಶಟರ್ ವೇಗ 1/8000 ಸೆಕೆಂಡಿನವರೆಗೆ. ಮೆನು ಹುಡುಕಾಟವಿಲ್ಲ, ಎಲ್ಲಕ್ಕೂ ಡಯಲ್. ಮುಗಿದ ಫಿಲ್ಮ್ ಹಿಂದಕ್ಕೆ ಸುತ್ತಲು ಮೋಟಾರೂ ಇದೆ, ಕೈಯಲ್ಲಿ ತಿರುಗಿಸುವ ಹಿಡಿಯೂ ಇದೆ.

ಹಳೆ ನಿಕಾನ್ ಲೆನ್ಸ್ ಇದ್ದವರು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಆಟೋಟದ ಫೋಟೋ ಜಾಸ್ತಿ ತೆಗೆಯುವವರಿಗೆ 1996ರ ಎಫ್5 ಮೇಲು.