ಪುಟ್ಟ ಫೈರ್‌ವಾಲ್‌ಗೆ ಯಾವ ಸಿ ಲೈಬ್ರರಿ: ಕತ್ತರಿಸಿದ ಜಿಲಿಬ್‌ಸಿ, ಯುಸಿಲಿಬ್‌ಸಿ-ಎನ್‌ಜಿ, ಮಸಲ್

ಮನೆ ನೆಟ್‌ವರ್ಕ್ ಮುಂದೆ ಫೈರ್‌ವಾಲ್ ಆಗಿ ಇಡೋಕೆ ಹಳೇ 64 ಬಿಟ್ ಬಾಕ್ಸ್ ಒಂದಿತ್ತು, ಅದರ ಮೇಲೆ ಬಿಝಿಬಾಕ್ಸ್ (ಮೂಲ ಕಮಾಂಡ್‌ಗಳು), ಐಪಿಟೇಬಲ್ಸ್ (ಫೈರ್‌ವಾಲ್ ರೂಲ್‌ಗಳು), ಡಿಎನ್‌ಎಸ್‌ಮಾಸ್ಕ್ (ಡಿಎನ್‌ಎಸ್, ಅಂದ್ರೆ ಹೆಸರಿಗೆ ವಿಳಾಸ ಹುಡುಕೋದು), ಡ್ರಾಪ್‌ಬೇರ್ (ದೂರದಿಂದ ಲಾಗಿನ್) ಇಷ್ಟೇ ಹಾಕಿ ಪೂರ್ತಿ ಸಿಸ್ಟಮ್ ರ್‍ಯಾಮ್‌ನಲ್ಲೇ ಓಡಿಸೋಣ ಅಂತ ಕೂತೆ. ಈ ಪ್ರೋಗ್ರಾಮ್‌ಗಳೆಲ್ಲ ಮೊದಲೇ ಸಣ್ಣವು, ಜಾಗ ತಿನ್ನೋದು ಅವುಗಳ ಕೆಳಗಿರೋ ಲೈಬ್ರರಿಗಳು, ಅದರಲ್ಲೂ ಎಲ್ಲಾ ಪ್ರೋಗ್ರಾಮ್‌ಗೂ ಬೇಕಾಗೋ ಮೂಲ ಫಂಕ್ಷನ್‌ಗಳ ಸಿ ಲೈಬ್ರರಿ (ಲಿಬ್‌ಸಿ), ಹಾಗಾಗಿ ಮೂರು ದಾರೀನೂ ಮಾಡಿ ನೋಡಿದೆ.

ಮೊದಲು ಜಿಲಿಬ್‌ಸಿ, ಸಾಮಾನ್ಯ ಲಿನಕ್ಸ್‌ಗಳಲ್ಲಿ ಹೆಚ್ಚಾಗಿ ಇರೋದು. ಸ್ಟ್ರಿಪ್ ಮಾಡಿದ್ಮೇಲೂ (ಡೀಬಗ್ ಮಾಹಿತಿ ತೆಗೆದ್ಮೇಲೂ) ಲಿಬ್‌ಸಿ ಒಂದೇ ಸುಮಾರು 2 ಎಂಬಿ, ಅದರ ಜೊತೆ ಲಿಬ್‌ಎಂ (ಗಣಿತ), ಎನ್‌ಎಸ್‌ಎಸ್ (ಹೆಸರು ಹುಡುಕೋದು) ಫೈಲುಗಳು ಬೇರೆ. ಇದನ್ನ ಸಣ್ಣ ಮಾಡೋಕೆ ಎಂಕೆಲಿಬ್ಸ್ ಅಂತ ಟೂಲ್ ಇದೆ, ಹಿಂದೆ ಡೆಬಿಯನ್ ಇನ್‌ಸ್ಟಾಲರ್‌ಗೆ ಅಂತಾನೇ ಬಳಸ್ತಿದ್ರು, ನಾವು ಕೊಟ್ಟ ಬೈನರಿಗಳು ಯಾವ್ಯಾವ ಫಂಕ್ಷನ್ ಕೇಳ್ತಾವೆ ಅಂತ ನೋಡಿ ಅಷ್ಟನ್ನೇ ಇಟ್ಟು ಲೈಬ್ರರಿನ ಹೊಸದಾಗಿ ಲಿಂಕ್ ಮಾಡತ್ತೆ. ಸೈಜ್ ಚೆನ್ನಾಗೇ ಇಳಿಯತ್ತೆ ನಿಜ. ಆದ್ರೆ ಐಪಿಟೇಬಲ್ಸ್ ತನ್ನ ಎಕ್ಸ್‌ಟೆನ್ಷನ್‌ಗಳನ್ನ ರೂಲ್ ಹಾಕೋ ಹೊತ್ತಿಗೆ ಲೋಡ್ ಮಾಡ್ಕೊಳತ್ತೆ, ಆ ಫೈಲುಗಳನ್ನೂ ಪಟ್ಟಿಗೆ ಸೇರಿಸಿರಬೇಕು. ಮುಂದೆ ಯಾವತ್ತೋ ಟಿಸಿಪಿಡಂಪ್ (ಪ್ಯಾಕೆಟ್ ನೋಡೋ ಟೂಲ್) ತಂದು ಹಾಕಿದಾಗ, ಅದಕ್ಕೆ ಬೇಕಾದ ಫಂಕ್ಷನ್ ಕತ್ತರಿಸಿ ಹೋಗಿದ್ರೆ 'ಅನ್‌ಡಿಫೈನ್ಡ್ ಸಿಂಬಲ್' ಅಂತ ಹೇಳಿ ನಿಂತುಬಿಡತ್ತೆ. ರೂಟರ್‌ಗಳಿಗೆ ಅಂತ ಇರೋ ಲಿನಕ್ಸ್ ಓಪನ್‌ಡಬ್ಲ್ಯುಆರ್‌ಟಿಯ ಬಿಲ್ಡ್ ಮೆನುವಿನಲ್ಲೂ ಈ ಆಯ್ಕೆ ಇದೆ, ಅಲ್ಲಿರೋ ಎಚ್ಚರಿಕೆನೂ ಇದೇ. ಸರಿ, ಸ್ಟಾಟಿಕ್ ಲಿಂಕ್ (ಲೈಬ್ರರಿನ ಪ್ರೋಗ್ರಾಮ್ ಒಳಗೇ ಸೇರಿಸೋದು) ಮಾಡೋಣ ಅಂದ್ರೆ ಹೆಸರು ಹುಡುಕೋ ಕೆಲಸಕ್ಕೆ ಜಿಲಿಬ್‌ಸಿ ಮತ್ತೆ ಆ ಎನ್‌ಎಸ್‌ಎಸ್ ಲೈಬ್ರರಿಗಳನ್ನೇ ಕೇಳತ್ತೆ.

ಸಣ್ಣ ಸಾಧನಗಳಿಗೆ ಅಂತ ಇರೋ ಯುಸಿಲಿಬ್‌ಸಿ-ಎನ್‌ಜಿ, ಬಿಲ್ಡ್‌ರೂಟ್ ಅನ್ನೋ ಸಿಸ್ಟಮ್ ಕಟ್ಟೋ ಟೂಲ್‌ನಲ್ಲಿ ಸಲೀಸಾಗಿ ಆಯ್ತು. ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಬೇಡ, ಐಪಿವಿ6 ಬೇಕು ಅಂತ ಒಂದೊಂದನ್ನೂ ಮೆನುವಿನಲ್ಲಿ ಆರಿಸಬಹುದು, ಈ ಹಿಡಿತ ಉಳಿದೆರಡರಲ್ಲಿ ಸಿಗಲ್ಲ. ಆದ್ರೆ 2022ರಲ್ಲಿ ಇದರ ಡಿಎನ್‌ಎಸ್ ಕೋಡ್‌ನಲ್ಲಿ ಪ್ರಶ್ನೆಗೂ ಉತ್ತರಕ್ಕೂ ತಾಳೆ ಹಾಕೋ ಟ್ರಾನ್ಸಾಕ್ಷನ್ ಐಡಿನ ಮೊದಲೇ ಊಹಿಸಬಹುದು ಅನ್ನೋ ದೋಷ ಹೊರಗೆ ಬಂತು, ಅಂದ್ರೆ ಸುಳ್ಳು ಉತ್ತರ ತೂರಿಸೋಕೆ ದಾರಿ. ಆಮೇಲೆ ಸರಿ ಮಾಡಿದ್ರು, ಆದ್ರೂ ಫೈರ್‌ವಾಲ್ ಅಂದ್ಮೇಲೆ ಇಂಥದ್ದನ್ನ ನಾನು ಸುಲಭಕ್ಕೆ ಮರೆಯಲ್ಲ. ಜಿಲಿಬ್‌ಸಿದೂ ಅದೇ ಕತೆ ಬಿಡಿ, 2015ರ ಘೋಸ್ಟ್, 2016ರ ಗೆಟ್‌ಆಡ್ರ್‌ಇನ್ಫೋ ದೋಷ, ಎರಡೂ ಹೆಸರು ಹುಡುಕೋ ಕೋಡ್‌ನಲ್ಲೇ.

ಕಡೆಗೆ ಮಸಲ್. ಲೋಡರ್, ಥ್ರೆಡ್, ಗಣಿತ ಎಲ್ಲ ಒಂದೇ ಫೈಲ್, 600 ಕೆಬಿ ಆಸುಪಾಸು, ಏನೂ ಕತ್ತರಿಸೋ ಅಗತ್ಯಾನೇ ಇಲ್ಲ! ಆಲ್ಪೈನ್ ಲಿನಕ್ಸ್ 2014ರಲ್ಲಿ, ಓಪನ್‌ಡಬ್ಲ್ಯುಆರ್‌ಟಿ 2015ರಲ್ಲಿ ಇದಕ್ಕೆ ಬದಲಾದವು. ಕೊರತೆನೂ ಇದೆ: ದೊಡ್ಡ ಡಿಎನ್‌ಎಸ್ ಉತ್ತರ ಬಂದಾಗ ಟಿಸಿಪಿಗೆ ಹೋಗೋದು 2023ರ 1.2.4ರಲ್ಲಷ್ಟೇ ಬಂತು, ಅದಕ್ಕಿಂತ ಹಳೇದು ಬೇಡವೇ ಬೇಡ. ಥ್ರೆಡ್ ಸ್ಟಾಕ್ (ಪ್ರತಿ ಥ್ರೆಡ್‌ಗೆ ಕೊಡೋ ಕೆಲಸದ ಮೆಮೊರಿ) ಡಿಫಾಲ್ಟ್ 128 ಕೆಬಿ ಅಷ್ಟೇ, ಜಿಲಿಬ್‌ಸಿ ನಂಬ್ಕೊಂಡು ಬರೆದ ಕೆಲವು ಪ್ರೋಗ್ರಾಮ್ ಅದಕ್ಕೇ ಬೀಳ್ತಾವೆ.

ಕಂಪ್ರೆಸ್ ಆದ ಸ್ಕ್ವಾಶ್‌ಎಫ್‌ಎಸ್ ಇಮೇಜ್ ಆಗಿದ್ರೆ ಈ ಮೂರರ ನಡುವಿನ ಅಂತರ ಕಮ್ಮಿ ಕಾಣತ್ತೆ, ನನ್ನದು ರ್‍ಯಾಮ್‌ನಲ್ಲಿ ಬಿಚ್ಚಿಕೊಳ್ಳೋದ್ರಿಂದ ಪೂರ್ತಿ ಸೈಜೇ ಲೆಕ್ಕ. ನಾನು ಮಸಲ್ ಇಟ್ಕೊಂಡೆ, ಸ್ಟಾಟಿಕ್ ಅಲ್ಲ, ಶೇರ್ಡ್ (ಎಲ್ಲಾ ಪ್ರೋಗ್ರಾಮ್‌ಗೂ ಒಂದೇ ಫೈಲ್) ಆಗೇ. ನಾಳೆ ಲಿಬ್‌ಸಿಯಲ್ಲಿ ತೂತು ಸಿಕ್ಕಿದ್ರೆ ಆ ಒಂದು ಫೈಲ್ ಬದಲಿಸಿ ರೀಬೂಟ್ ಮಾಡಿದ್ರೆ ಮುಗೀತು, ಎಂಕೆಲಿಬ್ಸ್‌ನಲ್ಲಾದ್ರೆ ಬೈನರಿಗಳನ್ನೆಲ್ಲ ಮುಂದಿಟ್ಕೊಂಡು ಮತ್ತೆ ಕತ್ತರಿಸಬೇಕು, ಸ್ಟಾಟಿಕ್‌ನಲ್ಲಾದ್ರೆ ಪ್ರತಿಯೊಂದನ್ನೂ ಮತ್ತೆ ಬಿಲ್ಡ್ ಮಾಡಬೇಕು.