ಕರಿ ಫೋನಿನ ನಕಲು ಮತ್ತು ಫ್ರೀಕ್ಯಾಡ್: ಎಂಟು ತಿಂಗಳು ಬಳಸಿದ ಮೇಲೆ

ನಮ್ಮ ನಾಟಕದ ಎರಡನೇ ಅಂಕದಲ್ಲಿ ಮಗ ಸಿಟ್ಟಿನಿಂದ ಮೇಜಿನ ಮೇಲಿನ ಕರಿ ಫೋನನ್ನು ತಳ್ಳಿ ಕೆಡವುತ್ತಾನೆ. ಪ್ರತಿ ಪ್ರದರ್ಶನದಲ್ಲೂ ಅದು ನೆಲಕ್ಕೆ ಬೀಳಬೇಕು. ತಂಡಕ್ಕೆ ಸಿಕ್ಕಿದ್ದು ಅಸಲಿ ಫೋನು. ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ತಯಾರಾದದ್ದು, ಬೆರಳು ಹಾಕಿ ಡಯಲ್ ತಿರುಗಿಸುವಂಥದ್ದು. ಕೊಟ್ಟವರು ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. "ಅಳತೆ ತಗೊಳ್ಳಮ್ಮ, ಆದ್ರೆ ಸ್ಕ್ರೂ ಬಿಚ್ಚುವಾಗ ನನ್ನನ್ನ ಕರಿ" ಅಂದರು. ಅಂಥ ಫೋನನ್ನು ಯಾರು ತಾನೇ ಕೆಡವುತ್ತಾರೆ? ನಕಲು ಮಾಡಲೇಬೇಕಾಯಿತು. ನಕಲು ಮಾಡಲು ಡ್ರಾಯಿಂಗ್ ಬೇಕು. ಡ್ರಾಯಿಂಗ್ ನನ್ನ ಪಾಲಿಗೆ ಬಂತು. ಅದಕ್ಕೆ ನಾನು ಬಳಸಿದ್ದು ಫ್ರೀಕ್ಯಾಡ್, ಕಂಪ್ಯೂಟರಿನಲ್ಲಿ ವಸ್ತುವಿನ 3ಡಿ ಮಾದರಿಯನ್ನೂ ಡ್ರಾಯಿಂಗನ್ನೂ ಮಾಡುವ ಸಾಫ್ಟ್‌ವೇರ್.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ (ಅಚ್ಚು, ಉಪಕರಣ ಮಾಡುವ ಕಾರ್ಯಾಗಾರ) 19 ವರ್ಷ ಡ್ರಾಫ್ಟಿಂಗ್, ಅಂದರೆ ಡ್ರಾಯಿಂಗ್ ಬರೆಯುವ ಕೆಲಸ ಮಾಡಿದವಳು. ಮೊದಲು ಬೋರ್ಡಿನ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ, ಆಟೊಕ್ಯಾಡ್ ಅನ್ನುವ ಸಾಫ್ಟ್‌ವೇರಿನಲ್ಲಿ. ಕೆಲಸ ಬಿಟ್ಟ ಮೇಲೆ ನಾಟಕ ತಂಡಕ್ಕೆ ಪ್ರಾಪರ್ಟಿ, ಅಂದರೆ ರಂಗದ ಮೇಲೆ ಬಳಸುವ ಸಾಮಾನು ಮಾಡಿಕೊಡುತ್ತೇನೆ. ಹವ್ಯಾಸಿ ತಂಡ ವರ್ಷ ವರ್ಷ ಚಂದಾ ಕಟ್ಟಿ ಸಾಫ್ಟ್‌ವೇರ್ ತರಿಸುವುದು ಆಗದ ಮಾತು. ಫ್ಯೂಷನ್ ಅನ್ನುವ ಇಂಥದ್ದೇ ಇನ್ನೊಂದು ಸಾಫ್ಟ್‌ವೇರಿಗೆ ಮನೆಬಳಕೆಯ ಉಚಿತ ಪರವಾನಗಿ ಇದೆ. ಆದರೆ ಅದರಲ್ಲಿ ಒಂದು ಸಲಕ್ಕೆ ತಿದ್ದಲು ತೆರೆದಿಡಬಹುದಾದ ಫೈಲು ಹತ್ತೇ. ಒಂದು ಫೋನಿಗೇ ನನಗೆ ಹದಿನಾಲ್ಕು ಬಿಡಿಭಾಗ ಆದವು. ಹಾಗಾಗಿ ಫ್ರೀಕ್ಯಾಡ್ ಹಾಕಿಕೊಂಡೆ. ದುಡ್ಡಿಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ. ಶುರುವಾದದ್ದು 2002ರಲ್ಲಿ. 1.0 ಅನ್ನುವ ಆವೃತ್ತಿ ಹೊರಬಂದದ್ದು 2024ರ ನವೆಂಬರ್‌ನಲ್ಲಿ. ನಾನು ಬಳಸಿದ್ದು ಇದನ್ನೇ, 8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪಿನಲ್ಲಿ.

ನನಗೆ ಇದು ಯಾಕೆ ಇಷ್ಟವಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಆಟೊಕ್ಯಾಡ್‌ನಲ್ಲಿ ನಾನು ಒಂದು ಗೆರೆ ಎಳೆದರೆ ಅದು ಅಳೆದದ್ದೋ ಅಂದಾಜೋ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಫ್ರೀಕ್ಯಾಡ್‌ನಲ್ಲಿ ಗೆರೆ ಎಳೆಯುವ ಭಾಗವಾದ ಸ್ಕೆಚರ್‌ನಲ್ಲಿ ಹಾಗಲ್ಲ. ಗೆರೆ ಎಳೆದಾಗ ಅದು ಬಿಳಿಯಾಗಿರುತ್ತದೆ. ಉದ್ದ ಎಷ್ಟು, ಎಲ್ಲಿಂದ ಎಷ್ಟು ದೂರ, ಯಾವುದಕ್ಕೆ ಸಮಾಂತರ, ಎಲ್ಲಾ ಹೇಳಿ ಮುಗಿಸಿದ ಮೇಲೆ ಇಡೀ ಸ್ಕೆಚ್ ಹಸಿರಾಗುತ್ತದೆ. ಅಲ್ಲಿಯವರೆಗೆ ಪಕ್ಕದಲ್ಲಿ ಒಂದು ಸಂಖ್ಯೆ ಕಾಣುತ್ತಿರುತ್ತದೆ: ಇನ್ನೂ ಇಷ್ಟು ವಿಷಯ ನಿರ್ಧಾರವಾಗಿಲ್ಲ ಅಂತ. ಇದ್ದ ವಸ್ತುವಿನ ನಕಲು ಮಾಡುವವರಿಗೆ ಆ ಸಂಖ್ಯೆ ಅಂದರೆ ನೀವು ಇನ್ನೂ ಅಳೆಯದೆ ಬಿಟ್ಟ ಜಾಗಗಳ ಲೆಕ್ಕ. ಫೋನಿನ ತಳದ ಸ್ಕೆಚ್‌ನಲ್ಲಿ ಅದು 3ಕ್ಕೆ ಬಂದು ನಿಂತಿತು. ಎಲ್ಲಾ ಅಳೆದಿದ್ದೇನೆ ಅಂತ ನಾನು ಖಾತ್ರಿಯಾಗಿದ್ದೆ. ನೋಡಿದರೆ ಹಿಂದಿನ ಎರಡು ಮೂಲೆಗಳ ರೇಡಿಯಸ್ ಮುಂದಿನದ್ದಕ್ಕಿಂತ ಬೇರೆ. ವೈರು ಒಳಹೋಗುವ ತೂತಿನ ಎತ್ತರವನ್ನು ಬರೆದುಕೊಂಡೇ ಇರಲಿಲ್ಲ. ಮತ್ತೆ ಬಸ್ಸು ಹತ್ತಿ ಆ ಹಿರಿಯರ ಮನೆಗೆ ಹೋದೆ, ಸೂಕ್ಷ್ಮ ಅಳತೆಯ ವರ್ನಿಯರ್ ಮತ್ತು ಮೂಲೆಯ ಬಾಗು ಅಳೆಯುವ ರೇಡಿಯಸ್ ಗೇಜ್ ಹಿಡಿದುಕೊಂಡು. ಹೀಗೆ ನನ್ನನ್ನು ಮೂರು ಸಲ ವಾಪಸ್ ಕಳಿಸಿತು. ಆ ಮೂರು ಸಲವೂ ಅದು ಹೇಳಿದ್ದು ಸರಿಯಾಗಿತ್ತು.

ಡಯಲ್ ವಿಷಯಕ್ಕೆ ಬರುತ್ತೇನೆ. ನಾನು ಅಳೆದ ಡಯಲ್ 76 ಮಿಮೀ ವ್ಯಾಸದ್ದು. ಬೆರಳಿನ ತೂತು 13 ಮಿಮೀ. ಹತ್ತು ತೂತುಗಳ ಕೇಂದ್ರಗಳು 58 ಮಿಮೀ ವೃತ್ತದ ಮೇಲೆ ಕೂರುತ್ತವೆ. ಒಂದು ತೂತು ಮಾಡಿ ಪೋಲಾರ್ ಪ್ಯಾಟರ್ನ್ (ವೃತ್ತದ ಸುತ್ತ ನಕಲು ಹಾಕುವ ಆಜ್ಞೆ) ಕೊಟ್ಟರೆ ಉಳಿದದ್ದನ್ನು ಅದೇ ಹಾಕುತ್ತದೆ. ಆದರೆ ಸುಮ್ನೆ 10 ಅಂತ ಹೊಡೆದು ಬಿಟ್ಟರೆ 360 ಡಿಗ್ರಿಯಲ್ಲಿ ಹಂಚುತ್ತದೆ, ತೂತಿಗೂ ತೂತಿಗೂ 36 ಡಿಗ್ರಿ. ನೋಡಲು ಫೋನಿನ ಡಯಲ್ ಥರವೇ ಕಾಣುತ್ತದೆ, ಏನೋ ಸರಿಯಿಲ್ಲ ಅನಿಸುತ್ತದೆ. ಅಸಲಿಯಲ್ಲಿ ಅಂತರ 30 ಡಿಗ್ರಿ. ಬೆರಳು ಬಂದು ತಡೆಯುವ ಆ ಲೋಹದ ಕೊಕ್ಕೆಗೆ ಜಾಗ ಬಿಡಲು ಒಂದು ಬದಿ ಖಾಲಿ ಇರುತ್ತದೆ. ಒಟ್ಟು ಕೋನ 270 ಅಂತ ಕೊಟ್ಟರೆ ಹತ್ತು ತೂತು, ನಡುವೆ ಒಂಬತ್ತು ಅಂತರ, ಸರಿಯಾಗಿ 30 ಬರುತ್ತದೆ. ಆ ಖಾಲಿ ಜಾಗ ಇಲ್ಲದಿದ್ದರೆ ಹಿಂದಿನ ಸಾಲಿನಲ್ಲಿ ಕೂತ, ಇಂಥ ಫೋನು ಬಳಸಿದ ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ಅವರು ಹೇಳಲಾರರು, ಆದರೆ ಗೊತ್ತಾಗುತ್ತದೆ.

ರಿಸೀವರಿನ ಬಾಗು ಅಳೆಯುವುದು ಜಾಸ್ತಿ ಕಷ್ಟ. ಅದಕ್ಕೆ ಕೇಂದ್ರ ಎಲ್ಲಿದೆ ಅಂತ ಮುಟ್ಟಿ ತೋರಿಸಲು ಆಗುವುದಿಲ್ಲ. ಒಳಬಾಗಿನ ಮೇಲೆ ನೇರ ಪಟ್ಟಿ ಇಟ್ಟು 120 ಮಿಮೀ ಅಗಲದಲ್ಲಿ ನಡುವಿನ ಆಳ ಅಳೆದೆ. 12 ಮಿಮೀ ಬಂತು. ಸ್ಕೆಚರ್‌ನಲ್ಲಿ ಈ ಎರಡು ಅಳತೆ ಕೊಟ್ಟು ಕಮಾನು ಎಳೆದು, ರೇಡಿಯಸ್ ಮೇಲೆ ಬರೀ ತೋರಿಸುವ ಅಳತೆ ಹಾಕಿದೆ. 156 ಅಂತ ಬಂತು. ಕಾಗದದ ಮೇಲೂ ಲೆಕ್ಕ ಹಾಕಿದೆ: 120ರ ವರ್ಗವನ್ನು 12ರ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ 12ರ ಅರ್ಧ ಕೂಡಿಸಿದರೆ 156. ಈಗಿನ ಹುಡುಗರು ಫೋಟೋ ತೆಗೆದು ಅದರ ಮೇಲೇ ಗೆರೆ ಎಳೆಯುತ್ತಾರೆ. ಫ್ರೀಕ್ಯಾಡ್‌ಗೆ ಫೋಟೋ ಹಾಕಿ, ಗೊತ್ತಿರುವ ಒಂದು ಉದ್ದ ತೋರಿಸಿ ಅಳತೆಗೆ ತರಬಹುದು, ಅದು ಚೆನ್ನಾಗಿದೆ. ಆದರೆ ಫೋಟೋವನ್ನು ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಊದಿಕೊಳ್ಳುತ್ತದೆ. ನಾಲ್ಕು ಮೀಟರ್ ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಅಷ್ಟಾದ ಮೇಲೂ ಫೋಟೋ ಬಾಗಿನ ಗುಣಕ್ಕೆ ಮಾತ್ರ, ಅಳತೆಗೆ ವರ್ನಿಯರೇ.

ನಿರ್ದೇಶಕರು ತಾಲೀಮಿನಲ್ಲಿ ಕೊನೇ ಸಾಲಿಗೆ ಹೋಗಿ ಕೂತು, "ಡಯಲ್ ಇನ್ನೊಂಚೂರು ದೊಡ್ಡದಾಗ್ಬೇಕು ಅಕ್ಕ, ಇಲ್ಲಿಂದ ಕಪ್ಪು ಮುದ್ದೆ ಥರ ಕಾಣ್ತಿದೆ" ಅಂದರು. ಬೋರ್ಡಿನ ಕಾಲದಲ್ಲಾಗಿದ್ದರೆ ಹೊಸ ಹಾಳೆ ಅಂಟಿಸಿಕೊಳ್ಳಬೇಕಿತ್ತು. ನಾನು ಎಲ್ಲಾ ಅಳತೆಗಳನ್ನು ಒಳಗಿನ ಸ್ಪ್ರೆಡ್‌ಶೀಟಿನಲ್ಲಿ ಬರೆದು ಅವಕ್ಕೊಂದು ಹೆಸರು ಕೊಟ್ಟಿದ್ದೆ. ತೂತು, ತೂತಿನ ವೃತ್ತ, ಕೆಳಗಿನ ಅಂಕಿ ತಟ್ಟೆ ಎಲ್ಲವೂ ಡಯಲಿನ ವ್ಯಾಸದಿಂದ ಲೆಕ್ಕ ಬರುವ ಹಾಗೆ. 76 ಇದ್ದದ್ದನ್ನು 84 ಮಾಡಿದೆ, ಅಷ್ಟೇ. ಡ್ರಾಯಿಂಗ್ ಹಾಳೆಯೂ ತಾನಾಗಿ ಬದಲಾಯಿತು. ಅಸಲಿ ಅಳತೆಯ ಫೈಲನ್ನು ಬೇರೆ ಉಳಿಸಿಟ್ಟೆ, ಅದು ಆ ಹಿರಿಯರಿಗೆ ಕೊಡಬೇಕಾದ್ದು.

ಈಗ ಬೇಜಾರಿನ ವಿಷಯ. ಡಯಲ್ ದೊಡ್ಡದಾದ ಕೂಡಲೇ ಫೋನಿನ ಮೈಯ ಮೇಲಿನ ಫಿಲೆಟ್ (ಚೂಪು ಅಂಚನ್ನು ಉರುಟಾಗಿಸುವುದು) ಮುರಿದು ಕೂತಿತು, ಕೆಂಪು ಗುರುತು. ಫಿಲೆಟ್ ಈ ಸಾಫ್ಟ್‌ವೇರಿನ ನೋವಿನ ಜಾಗ. ರೇಡಿಯಸ್ ಪಕ್ಕದ ಮುಖವನ್ನು ಪೂರ್ತಿ ತಿಂದುಬಿಡುವಷ್ಟು ಆದರೆ ಕೆಲಸ ನಿಲ್ಲಿಸಿಬಿಡುತ್ತದೆ. ಬೇಕಲೈಟ್ ಅನ್ನುವ ಹಳೇ ಗಟ್ಟಿ ಪ್ಲಾಸ್ಟಿಕ್ಕಿನ ಫೋನೋ ಎಲ್ಲಾ ಕಡೆ ಉರುಟು, ಒಂದು ಚೂಪಾದ ಅಂಚಿಲ್ಲ. 6 ಮಿಮೀ ಒಪ್ಪಲಿಲ್ಲ, 5.9 ಒಪ್ಪಿತು. ಇಂಥದ್ದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಇನ್ನೊಂದು ಹಳೇ ರೋಗ ಇತ್ತು: ಇದು ಪ್ರತಿ ಮುಖಕ್ಕೂ ಅಂಚಿಗೂ ನಂಬರ್ ಕೊಟ್ಟು ನೆನಪಿಟ್ಟುಕೊಳ್ಳುತ್ತದೆ. ಹಿಂದೆ ಹೋಗಿ ಒಂದು ತೂತು ಸೇರಿಸಿದರೆ ನಂಬರ್ ಅದಲುಬದಲಾಗಿ ಫಿಲೆಟ್ ಬೇರೆ ಅಂಚಿಗೆ ಹೋಗಿ ಕೂರುತ್ತಿತ್ತು. 1.0ರಲ್ಲಿ ಇದು ಬಹಳ ಮಟ್ಟಿಗೆ ವಾಸಿಯಾಗಿದೆ, ಪೂರ್ತಿ ಅಲ್ಲ. ಫಿಲೆಟ್‌ಗಳನ್ನೆಲ್ಲ ಕಟ್ಟಕಡೆಗೆ ಹಾಕಿ. ಹಾಕುವ ಮೊದಲು ಫೈಲು ಉಳಿಸಿ.

ಟೆಕ್‌ಡ್ರಾ ಅನ್ನುವ ಭಾಗದಲ್ಲಿ ಡ್ರಾಯಿಂಗ್ ಹಾಳೆ ತಯಾರಾಗುತ್ತದೆ. ನನ್ನಂಥವರಿಗೆ ಮುಖ್ಯವಾದದ್ದು ಇದೇ. ಫಸ್ಟ್ ಆಂಗಲ್ ಪ್ರೊಜೆಕ್ಷನ್ (ಮುಂದಿನ ನೋಟದ ಕೆಳಗೆ ಮೇಲಿನ ನೋಟ ಬರುವ ಕ್ರಮ) ಇದೆ, ಲೇತ್ ಮೇಲೆ ಕೆಲಸ ಮಾಡುವ ನಮ್ಮ ಟರ್ನರ್‌ಗಳಿಗೆ ಅಭ್ಯಾಸ ಇರುವುದು ಅದೇ. ಸೆಕ್ಷನ್, ಡಿಟೇಲ್, ಸೆಂಟರ್ ಲೈನ್, ಟಾಲರೆನ್ಸ್ ಎಲ್ಲಾ ಬರುತ್ತವೆ. ಟೈಟಲ್ ಬ್ಲಾಕನ್ನು ಚಿತ್ರ ಬರೆಯುವ ಇಂಕ್‌ಸ್ಕೇಪ್ ಸಾಫ್ಟ್‌ವೇರಿನಲ್ಲಿ ನಾವೇ ಮಾಡಿಕೊಳ್ಳಬಹುದು. ಅಳತೆಯ ಗೆರೆಗಳನ್ನು ಅಂದವಾಗಿ ಜೋಡಿಸಲು ಆಟೊಕ್ಯಾಡ್‌ಗಿಂತ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಭಾಗಗಳು ಜಾಸ್ತಿಯಾದರೆ ಹಾಳೆ ನಿಧಾನವಾಗುತ್ತದೆ. ಮೂರು ಬದಿಯೂ ಒಟ್ಟಿಗೆ ಕಾಣುವ ಐಸೊಮೆಟ್ರಿಕ್ ನೋಟದ ಮೇಲೆ ಹಾಗೇ ಅಳತೆ ಹಾಕಬೇಡಿ, 100 ಮಿಮೀ ಅಂಚು 81.6 ಅಂತ ಬಂದೀತು. ಆದರೆ ನನ್ನ ಹಾಳೆ ನೋಡಿ ಪೀಣ್ಯದ ಟರ್ನರ್ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ, ಅಲ್ಯೂಮಿನಿಯಮ್ಮೋ ಎಂಎಸ್ಸೋ?" ಎಂಎಸ್ ಅಂದರೆ ಮೈಲ್ಡ್ ಸ್ಟೀಲ್, ಸಾದಾ ಉಕ್ಕು. ನಾನು ಮೆಟೀರಿಯಲ್ ಬರೆಯಲು ಮರೆತಿದ್ದೆ. ಮಿಕ್ಕಿದ್ದೆಲ್ಲ ಅವರಿಗೆ ಹಾಳೆಯಿಂದಲೇ ಗೊತ್ತಾಯಿತು.

ಪ್ರಿಂಟ್ ತೆಗೆಸುವಾಗ ಒಂದು ಎಡವಟ್ಟಾಯಿತು. ತಳದ ಪ್ಲೈವುಡ್ಡಿಗೆ 1:1 ಹಾಳೆ ಅಂಟಿಸಿ ಕೊಯ್ಯುವುದು ಅಂತ ಬಡಗಿ ಜೊತೆ ಮಾತಾಗಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಫಿಟ್ ಟು ಪೇಜ್ ಇಟ್ಟು ಹೊಡೆದರು. 180 ಇರಬೇಕಾದ್ದು 175ರ ಹತ್ತಿರ ಬಂತು, ಮರ ಕೊಯ್ದ ಮೇಲೆ ನೋಡಿದ್ದು. ಅಂದಿನಿಂದ ಪ್ರತಿ ಹಾಳೆಯ ಮೂಲೆಯಲ್ಲೂ 100 ಮಿಮೀ ಗೆರೆ ಎಳೆದಿರುತ್ತೇನೆ, ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡುತ್ತೇನೆ. ಟೆಂಪ್ಲೇಟಿನಲ್ಲೇ ಆ ಗೆರೆ ಇದ್ದರೆ ಮರೆಯುವ ಮಾತೇ ಇಲ್ಲ.

ಕನ್ನಡದವರಿಗೆ ಬೇಕಾದ ಇನ್ನೊಂದು ಮಾತು. ಅದೇ ನಾಟಕದಲ್ಲಿ ಜವಾನನ ಡವಾಲಿಗೆ (ಎದೆಗೆ ಅಡ್ಡ ಹಾಕುವ ಪಟ್ಟಿ) ಹಿತ್ತಾಳೆ ಬಿಲ್ಲೆ ಬೇಕಿತ್ತು, ಅದರ ಮೇಲೆ "ಜಿಲ್ಲಾ ಕಚೇರಿ" ಅಂತ ಉಬ್ಬು ಅಕ್ಷರ. ಅಕ್ಷರವನ್ನು ಗೆರೆಯಾಗಿಸುವ ಶೇಪ್‌ಸ್ಟ್ರಿಂಗ್‌ಗೆ ಕನ್ನಡ ಕೊಟ್ಟರೆ ಒತ್ತಕ್ಷರ ಕೂಡುವುದಿಲ್ಲ. ಒತ್ತು ಕೆಳಗೆ ಇಳಿಯದೆ ಅಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ನನಗೆ ನಿಜಕ್ಕೂ ಬೇಸರವಾಯಿತು. ದಾರಿ ಇದೆ: ಇಂಕ್‌ಸ್ಕೇಪ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆ) ಆಗಿ ಬದಲಿಸಿ, ಎಸ್‌ವಿಜಿ ಅನ್ನುವ ಗೆರೆಚಿತ್ರದ ಫೈಲಾಗಿ ತಂದುಕೊಳ್ಳುವುದು. ಬಿಲ್ಲೆ ಚೆನ್ನಾಗಿ ಬಂತು. ಆದರೆ ಎಲ್ಲರೂ ತಿದ್ದಬಹುದಾದ ಸಾಫ್ಟ್‌ವೇರಿನಲ್ಲಿ ಇದನ್ನು ನಮ್ಮೂರಿನ ಯಾರಾದರೂ ಪ್ರೋಗ್ರಾಮರ್ ಸರಿಮಾಡಿದರೆ ಕನ್ನಡಕ್ಕಷ್ಟೇ ಅಲ್ಲ, ತೆಲುಗಿಗೂ ಹಿಂದಿಗೂ ಉಪಕಾರ. ದಯವಿಟ್ಟು ಮಾಡಿ.

ಕಲಿಯಲು ಎಷ್ಟು ದಿನ ಬೇಕು ಅಂತ ಕೇಳುತ್ತಾರೆ. ಡ್ರಾಯಿಂಗ್ ಓದಲು ಬರುವವರಿಗೆ ಮೂರು ವಾರ ಸಂಜೆ ಕೂತರೆ ಸಾಕು. ಬರದವರು ಮೊದಲು ಬೆಂಕಿಪೊಟ್ಟಣ, ಲೋಟ, ಬೀಗ ಹೀಗೆ ಮನೆಯ ವಸ್ತುಗಳನ್ನು ಅಳೆದು ಕಾಗದದ ಮೇಲೆ ಬರೆಯಲಿ. ಫೋನಿನಿಂದ ಶುರು ಮಾಡಬೇಡಿ.

ಮೈ ಮತ್ತು ರಿಸೀವರ್ 3ಡಿ ಪ್ರಿಂಟ್ ಆಗಿ ಬಂದವು. ಡಯಲ್ ಅಲ್ಯೂಮಿನಿಯಮ್. ತಳಕ್ಕೆ ಒಂದು ಕಬ್ಬಿಣದ ಪಟ್ಟಿ ಹಾಕಿದೆವು, ಇಲ್ಲದಿದ್ದರೆ ಬಿದ್ದಾಗ ಪ್ಲಾಸ್ಟಿಕ್ ಡಬ್ಬಿಯ ಸದ್ದು. ಐದನೇ ಪ್ರದರ್ಶನದಲ್ಲಿ ರಿಸೀವರಿನ ಕುತ್ತಿಗೆ ಸೀಳಿತು. ಆ ರಾತ್ರಿಯೇ ಸ್ಪ್ರೆಡ್‌ಶೀಟಿನಲ್ಲಿ ಒಳಗಿನ ಗೋಡೆಯ ದಪ್ಪ 2 ಇದ್ದದ್ದನ್ನು 3 ಮಾಡಿದೆ. ಮೊದಲು ಎಲ್ಲಿ ಫಿಲೆಟ್ ಮುರಿಯುತ್ತದೋ ಅಂತ ನೋಡಿದೆ, ಮುರಿಯಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಸ ರಿಸೀವರ್ ಬಂತು. ಅದೇ ಇನ್ನೂ ನಡೆಯುತ್ತಿದೆ.